ಮೀನಿಲ್ಲ ಅಂತ ಬರ್ಕೊ

ಮಂಗಳವಾರದಿಂದ ಕಿವಿಯಲ್ಲಿ ಒಂದೇ ಮಾತು ಕೂತುಬಿಟ್ಟಿದೆ: "ಮೀನಿಲ್ಲ ಅಂತ ಬರ್ಕೊ."

ಆಗುಂಬೆ ಕಡೆ ಸ್ನೇಹಿತನ ತೋಟದ ಹಿಂದಿನ ಹಳ್ಳಕ್ಕೆ ಕಿರು ಅಣೆಕಟ್ಟು ಬರುತ್ತದಂತೆ. ಸರ್ವೆಗೆ ಬಂದ ಎಂಜಿನಿಯರ್ ಸಂಕದ ಮೇಲೆ ನಿಂತೇ ಒಮ್ಮೆ ಕೆಳಗೆ ಬಗ್ಗಿ, ಫಾರಂ ಹಿಡಿದಿದ್ದ ಹುಡುಗನಿಗೆ ಹಾಗೆ ಹೇಳಿದರು. ಬೂಟು ಒದ್ದೆಯಾಗಲಿಲ್ಲ. ಕೆಟ್ಟವರೇನಲ್ಲ, ಕಾಫಿ ಕುಡಿಯುತ್ತಾ ಮಗಳ ಓದಿನ ಬಗ್ಗೆ ಎಷ್ಟು ಅಕ್ಕರೆಯಿಂದ ಮಾತಾಡಿದರು! ಆದರೆ ಬಾಣಲೆಗೆ ಹಾಕುವಷ್ಟು ಗಾತ್ರವಿಲ್ಲದ್ದು ಅವರ ಪಾಲಿಗೆ ಮೀನೇ ಅಲ್ಲ.

ಸ್ನೇಹಿತನ ತಮ್ಮ ನೀರಿಗಿಳಿದು, ರಭಸ ಇರುವ ಕಡೆ ಒಂದು ಕಲ್ಲೆತ್ತಿದ. ತಳಕ್ಕೆ ಬೆರಳುದ್ದದ ಚಪ್ಪಟೆ ಜೀವ ಅಂಟಿಕೊಂಡಿತ್ತು.

"ಇದು ಮರಿ ಅಲ್ವೇನಯ್ಯಾ?"

"ಇದು ಬೆಳೆಯೋದೇ ಇಷ್ಟು ಸಾರ್."

ಭವಾನಿಯಾ (Bhavania) ಎಂಬ ಮೀನಿನ ಕುಲದ್ದಿರಬೇಕು. ರೆಕ್ಕೆಗಳನ್ನು ಎರಡೂ ಬದಿಗೆ ಹರಡಿ, ಹೊಟ್ಟೆಯನ್ನು ಕಲ್ಲಿಗೊತ್ತಿ, ಸೆಳವಿನಲ್ಲೂ ಅಲುಗದೆ ಪಾಚಿ ಕೆರೆದು ತಿನ್ನುತ್ತದೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1930ರಲ್ಲೇ ಇಂಥ ರಭಸದ ನೀರಿನ ಜೀವಿಗಳ ಬಗ್ಗೆ ದೊಡ್ಡ ಪ್ರಬಂಧ ಬರೆದಿದ್ದಾರೆ. ನಾಲ್ಕು ಮಾರು ಕೆಳಗೆ ನೀರು ನಿಂತ ಗುಂಡಿಯಿದೆ, ಅಲ್ಲಿ ಇದು ಕಾಣುವುದಿಲ್ಲ. ಅಲ್ಲಿರುವುದು ಮರದಿಂದ ಉದುರುವ ಹುಳುಗಳಿಗೆ ಬಾಯಿ ಹಾಕುವ ಡೆವಾರಿಯೊ ಮೀನುಗಳ ಗುಂಪು. ಹಳ್ಳ ಒಂದೇ, ಆದರೆ ಒಕ್ಕಲು ಬೇರೆ ಬೇರೆ.

ಘಟ್ಟದ ಮೇಲೆ ಜಾತಿಗಳು ಕಡಿಮೆ, ನಿಜ. ಇಳಿಜಾರು ಕಡಿದು, ಹಳ್ಳ ಕಿರಿದು, ಮರದ ನೆರಳಿಗೆ ಪಾಚಿಯೂ ಅಷ್ಟಕ್ಕಷ್ಟೆ. ತಂಪು ನೀರಿಗೆ ಆಮ್ಲಜನಕ ಮಾತ್ರ ಧಾರಾಳ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ. ಕೆಳಗಿಳಿದಂತೆ ಹೊಳೆ ಅಗಲವಾಗಿ, ಮಡುಗಳು ಆಳವಾಗಿ, ಹೊಸ ಜಾತಿಗಳು ಸೇರುತ್ತಾ ಹೋಗುತ್ತವೆ. ನಡುವೆ ಜಲಪಾತ ಬಂತೋ, ಕೆಳಗಿನ ಬಹುತೇಕ ಮೀನುಗಳಿಗೆ ದಾರಿ ಅಲ್ಲಿಗೇ ಮುಗಿಯಿತು. ಜೋಗದ 253 ಮೀಟರ್ ಯಾವ ಮೀನು ಹತ್ತೀತು? ಹಾಗೆಂದು ಮೇಲೆ ಇರುವ ಕೆಲವೇ ಜಾತಿಗಳನ್ನು ಸೊನ್ನೆ ಎಂದು ಬರೆಯುವುದೇ? ಈ ಚಳಿಗೆ, ಈ ಸೆಳವಿಗೆ ಒಗ್ಗಿದವು ಅವು. ಕೆಳಗಿನ ನಿಂತ ನೀರಿಗೆ ತಂದು ಬಿಟ್ಟರೆ ಬಾಳುವವಲ್ಲ.

ಅಡ್ಡಗೋಡೆ ಎದ್ದರೆ ನೀರು ನಿಲ್ಲುತ್ತದೆ, ಹೂಳು ಕಲ್ಲನ್ನು ಮುಚ್ಚುತ್ತದೆ. ಕೆರೆದು ತಿನ್ನುವವನ ತಟ್ಟೆಗೇ ಮಣ್ಣು. ಮೊದಲ ಮಳೆಗೆ ಹೊಸ ನೀರಿನ ವಾಸನೆ ಹಿಡಿದು ಮೇಲೇರುವ ಹತ್ತುಮೀನಿನ ಗತಿಯೇನು ಎಂದು ಸ್ನೇಹಿತನ ಅಮ್ಮ ಕೇಳಿದರು. "ಮೆಟ್ಟಿಲು ಇಡಿಸೋಣ ಬಿಡಿ ಅಮ್ಮಾ" ಎಂದು ಎಂಜಿನಿಯರ್ ನಕ್ಕರು. ಮೀನಿಗೆ ಮೆಟ್ಟಿಲು ಕಟ್ಟುವ ಪದ್ಧತಿ ನಿಜಕ್ಕೂ ಇದೆ. ಅವರು ಅಂದದ್ದು ಮಾತ್ರ ಬರೀ ತಮಾಷೆಗೆ.

ಬೇಸಿಗೆಯಲ್ಲಿ, ಅದೂ ಸಂಕದ ಮೇಲಿಂದ ಮಾಡಿದ ಸರ್ವೆ ಒಪ್ಪುವುದಿಲ್ಲ, ಮಳೆ ಹಿಡಿದ ಮೇಲೆ ಬಲೆ ಹಿಡಿದು ಬನ್ನಿ ಎಂದು ಸ್ನೇಹಿತ ಅರ್ಜಿ ಬರೆಯುತ್ತಿದ್ದಾನೆ. ಮೊದಲ ಸಹಿ ಅವನ ಅಮ್ಮನದು, ಎರಡನೆಯದು ನನ್ನದು.