ಹೆಗಲ ಪಕ್ಕದ ಜಾಗ

‘ಎತ್ತಿನ ಹಿಂದೆ ಓಡಾಡಲು ಸಂಬಳ ಎಷ್ಟು ಕೊಡುತ್ತಾರೆ?’ ಎಂದು ಅವ್ವ ಫೋನಿನಲ್ಲಿ ಕೇಳಿದಳು. ಏನೂ ಇಲ್ಲ, ಸ್ವಯಂಸೇವೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಆ ಕೆಲಸ ತಪ್ಪಲಿ ಎಂದೇ ಅಲ್ಲವೇನಪ್ಪ ನಿನ್ನನ್ನು ಓದಿಸಿದ್ದು?’

ಅಮೆರಿಕದ ಅಯೋವಾ ರಾಜ್ಯದಲ್ಲಿ, ಡೆ ಮೊಯಿನ್ ನಗರಕ್ಕೆ ಅಂಟಿಕೊಂಡಿರುವ ಅರ್ಬನ್‌ಡೇಲ್‌ನಲ್ಲಿ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. 1970ರಲ್ಲಿ ಶುರುವಾದದ್ದು. ಒಂದೇ ಆವರಣದಲ್ಲಿ ಮೂರು ಕಾಲದ ಹೊಲಗಳು: 1700ರ ಅಯೋವೇ ಬುಡಕಟ್ಟಿನವರದು, 1850ರ ವಲಸಿಗರದು, 1900ರ ಕುದುರೆ ಬೇಸಾಯದ್ದು. ನೇಗಿಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸುವ ಜಾಗವಲ್ಲ ಅದು. ಆಯಾ ಕಾಲದ ಉಡುಪು ತೊಟ್ಟು ಉಳುತ್ತಾರೆ, ಬಿತ್ತುತ್ತಾರೆ, ಸೌದೆ ಒಲೆಯ ಮೇಲೆ ಬೇಯಿಸುತ್ತಾರೆ. ನನ್ನ ಪಾಲಿಗೆ 1850 ಬಂತು. ಕೈಗಡಿಯಾರ, ಮೊಬೈಲ್ ತೆಗೆದಿಟ್ಟು ಹುಲ್ಲಿನ ಟೋಪಿ ಹಾಕಿಕೊಂಡೆ.

ಹಾವೇರಿ ಕಡೆಯ ರೈತನ ಮಗ ನಾನು. ಎತ್ತಿನ ವಿಷಯದಲ್ಲಿ ಇವರು ನನಗೇನು ಕಲಿಸುತ್ತಾರೆ ಎಂಬ ಬಿಗುಮಾನ ಇದ್ದೇ ಇತ್ತು. ಆದರೆ ಆ ಎತ್ತುಗಳಿಗೆ ಹಿಣಿಲೇ ಇಲ್ಲ! ನಮ್ಮಲ್ಲಿ ನೊಗ ಕೂರುವುದು ಹಿಣಿಲಿನ ಮುಂದೆ. ಅಲ್ಲಿ ಬಾಗಿಸಿದ ಮರದ ಕಮಾನನ್ನು ಕೊರಳ ಕೆಳಗಿನಿಂದ ತೂರಿಸಿ ನೊಗಕ್ಕೆ ಸಿಕ್ಕಿಸುತ್ತಾರೆ. ಮೂಗುದಾರವಿಲ್ಲ, ಹಿಡಿಯಲು ಹಗ್ಗವೂ ಇಲ್ಲ. ಬರೀ ಮಾತು: ‘ಗೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ.

ನಾನು ರೂಢಿಯಂತೆ ಹಿಂದೆ ಹೋಗಿ ನಿಂತು ನಾಲಿಗೆ ಲೊಚಗುಟ್ಟಿದೆ. ಎರಡೂ ಕತ್ತು ಹೊರಳಿಸಿ ನನ್ನನ್ನು ಹುಡುಕಿದವು; ಹುಡುಕುತ್ತ ಹುಡುಕುತ್ತ ಜೋಡಿಯೇ ತಿರುಗಿ ಬೇಲಿಯ ಕಡೆ ನಡೆಯಿತು. ಅಲ್ಲಿನ ಹಿರಿಯರೊಬ್ಬರು ನಗದೆ ಬಂದು, ನನ್ನ ತೋಳು ಹಿಡಿದು ಎಡ ಎತ್ತಿನ ಹೆಗಲ ಪಕ್ಕಕ್ಕೆ ನಿಲ್ಲಿಸಿದರು. ‘ನೀವು ಅವಕ್ಕೆ ಕಾಣಿಸಬೇಕು.’ ಅಲ್ಲಿಂದ ಮುಂದೆ ನಾವು ಮೂವರೂ ಒಂದೇ ಸಾಲಿನಲ್ಲಿ ನಡೆದೆವು, ಒಬ್ಬ ಮಾತ್ರ ತಡವರಿಸುತ್ತ.

ಮಣ್ಣು ಮಾತ್ರ ಪರಿಚಯದ್ದೆನಿಸಿತು. ನಮ್ಮ ಎರೆ ಹೊಲದಂತೆ ಕಪ್ಪು, ಮಳೆಯಾದರೆ ಕಾಲು ಬಿಡದ ಜಿಗುಟು. ಎರಕದ ಕಬ್ಬಿಣದ ನೇಗಿಲಿಗೆ ಅದು ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಕೆರೆಯಬೇಕಾಗುತ್ತಿತ್ತಂತೆ. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ನಯಗೊಳಿಸಿದ ಉಕ್ಕಿನ ನೇಗಿಲು ಮಾಡಿದ್ದು ಇಂಥ ಮಣ್ಣಿಗಾಗಿಯೇ. ನಮ್ಮೂರಲ್ಲಿ ಈಗ ಉಳುವ ಹಸಿರು ಟ್ರ್ಯಾಕ್ಟರಿನ ಮೇಲೂ ಅವನದೇ ಹೆಸರಿದೆ.

ಮಧ್ಯಾಹ್ನ ಶಾಲೆಯ ಮಕ್ಕಳು ಬಂದರು. ಜನ ನಿಜವಾಗಿ ಹೀಗೆ ಬದುಕಿದ್ದರೇ ಎಂದು ಒಬ್ಬ ಹುಡುಗಿ ಕೇಳಿದಳು. ನಮ್ಮ ಮನೆಯಲ್ಲೂ ಎತ್ತು, ನೇಗಿಲು, ಸೌದೆ ಒಲೆ ಇದ್ದವು ಎಂದುಬಿಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹಾಗಾದರೆ ನಿಮಗೆ ವಯಸ್ಸೆಷ್ಟು?’ ಎಂದಳು.

ರಾತ್ರಿ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಮೂಗುದಾರವಿಲ್ಲ ಎಂಬುದನ್ನು ಅವಳು ನಂಬಲಿಲ್ಲ. ನಮ್ಮ ಕೊನೆಯ ಜೋಡಿಯನ್ನು ಮಾರಿ ಹನ್ನೆರಡು ವರ್ಷವಾಗಿದೆ. ಫೋನ್ ಇಡುವ ಮುಂಚೆ ಕೇಳಿದಳು: ‘ಎಡಗಡೆಯದರ ಹೆಸರೇನು?’