ಡಿಸ್ಕ್ ಮಾತ್ರ ಹಾಗೇ ಇತ್ತು

ಹೋದ ಮಳೆಗಾಲದಲ್ಲಿ ರಾಣೆಬೆನ್ನೂರು ಕಡೆಯ ಕುರಿಗಾರರೊಬ್ಬರನ್ನು ಸ್ಟ್ರೆಚರ್ ಮೇಲೆ ನಮ್ಮ ಎಂಆರ್‌ಐ ರೂಮಿಗೆ ತಂದರು. ಎಂಟು ತಿಂಗಳ ಬೆನ್ನು ನೋವು. ಬೇರೆ ಕಡೆ ಎಕ್ಸ್‌ರೇ ನೋಡಿ, ಬೆನ್ನುಮೂಳೆಯ ಟಿಬಿ ಎಂದು ಮಾತ್ರೆ ಶುರು ಮಾಡಿದ್ದರು. ಐದು ತಿಂಗಳು ತಪ್ಪದೆ ನುಂಗಿದ್ದಾರೆ. ನೋವು ಇಳಿಯಲಿಲ್ಲ. ಕಾಲು ಜೋಮು ಹಿಡಿಯಿತು, ಆಮೇಲೆ ಮೂತ್ರವೂ ಕಟ್ಟಿತು.

ನಮ್ಮಲ್ಲಿ ಬೆನ್ನುಮೂಳೆ ಸವೆದಿದ್ದರೆ ಮೊದಲು ನೆನಪಾಗುವುದು ಟಿಬಿಯೇ. ನಾನೂ ಅದನ್ನೇ ಬರೆಯುವವಳಿದ್ದೆ. ನೀರು ಬೆಳ್ಳಗೆ ಕಾಣುವ ಟಿ2 ಎಂಬ ಎಂಆರ್‌ಐ ಚಿತ್ರಗಳು ಪರದೆಗೆ ಬಂದಾಗ ಕೈ ನಿಂತಿತು. ಎದೆಭಾಗದ ಏಳನೇ, ಎಂಟನೇ ಮೂಳೆಗಳಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆಗಳು. ಬೆನ್ನುಹುರಿಯ ಸುತ್ತಲಿನ ನೀರಿನಷ್ಟೇ ಬೆಳ್ಳಗೆ. ಹುರಿಯನ್ನು ಒಂದು ಪಕ್ಕಕ್ಕೆ ಒತ್ತಿ ತೆಳ್ಳಗೆ ಮಾಡಿದ್ದವು. ಎರಡು ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್ ಮಾತ್ರ ಹಾಗೇ ಇತ್ತು. ಟಿಬಿಯಲ್ಲಿ ಸಾಮಾನ್ಯವಾಗಿ ಅದೂ ಹಾಳಾಗಿರುತ್ತದೆ. ಚಿತ್ರ ಇನ್ನೂ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಕೊಟ್ಟು ನೋಡಿದೆ. ಕೀವಾಗಿದ್ದರೆ ಅಂಚು ದಪ್ಪಗೆ ಹೊಳೆಯಬೇಕಿತ್ತು. ಇಲ್ಲಿ ತೆಳು ಗೋಡೆ, ಹೊಳಪೇ ಇಲ್ಲ ಅನ್ನುವಷ್ಟು ಕಡಿಮೆ.

ಹೊರಗೆ ಅವರ ಹೆಂಡತಿ ಕೂತಿದ್ದರು.

"ನಾಯಿ ಸಾಕೀರೇನವ್ವಾ?"

"ಮೂರು ಅದಾವ್ರೀ. ಕುರಿ ಕಾಯಾಕ ಬೇಕಲ್ರೀ."

"ಕುರಿ ಕೊಯ್ದಾಗ ಒಳಗ ನೀರಿನ ಗುಳ್ಳಿ ಕಂಡರ?"

"ಅದನ್ನ ನಾವು ತಿನ್ನಂಗಿಲ್ರೀ. ನಾಯಿಗೆ ಒಗೀತೀವಿ."

ನನ್ನ ಅನುಮಾನ ಟಿಬಿಯಲ್ಲ, ಹೈಡಾಟಿಡ್ ಎಂಬ ಕಾಯಿಲೆಯ ಮೇಲಿತ್ತು. ಅದು ಸುತ್ತುವುದೇ ಹಾಗೆ. ಗುಳ್ಳೆ ತಿಂದ ನಾಯಿಯ ಕರುಳಲ್ಲಿ ಎಕಿನೊಕಾಕಸ್ ಎಂಬ ಲಾಡಿಹುಳ ಬೆಳೆಯುತ್ತದೆ. ಉದ್ದ ಕೆಲವೇ ಮಿಲಿಮೀಟರ್. ಅದರ ಮೊಟ್ಟೆ ಮಲದಲ್ಲಿ ಬಂದು ಹುಲ್ಲಿನಿಂದ ಕುರಿಗೆ, ಕೈಯಿಂದ ನಮಗೆ. ಮನುಷ್ಯರಲ್ಲಿ ಅದು ಜಾಸ್ತಿ ಕೂರುವುದು ಲಿವರ್, ಶ್ವಾಸಕೋಶಗಳಲ್ಲಿ. ಮೂಳೆಗೆ ಹೋಗುವುದು ತೀರ ಅಪರೂಪ, ಹೋದರೆ ಸುಮಾರು ಅರ್ಧದಷ್ಟು ಬೆನ್ನುಮೂಳೆಗೇ. ಲಿವರ್‌ನಲ್ಲಿ ದೇಹ ಅದರ ಸುತ್ತ ಬೇಲಿ ಕಟ್ಟುತ್ತದೆ. ಮೂಳೆಯಲ್ಲಿ ಆ ಬೇಲಿ ಇರುವುದಿಲ್ಲ. ಗುಳ್ಳೆಗಳು ಜಾಗ ಸಿಕ್ಕ ಕಡೆ ವರ್ಷಗಟ್ಟಲೆ ನುಗ್ಗುತ್ತಲೇ ಇರುತ್ತವೆ.

ವರದಿ ಟೈಪ್ ಮಾಡುವ ಮೊದಲೇ ಸರ್ಜನ್‌ಗೆ ಫೋನ್ ಮಾಡಿದೆ. "ದಯವಿಟ್ಟು ಸೂಜಿ ಹಾಕಿ ಸ್ಯಾಂಪಲ್ ತೆಗೀಬೇಡಿ ಸರ್." ಗುಳ್ಳೆ ಒಡೆದು ಒಳಗಿನ ನೀರು ಚೆಲ್ಲಿದರೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು. ಚೆಲ್ಲಿದ ಕಡೆ ಹೊಸ ಗುಳ್ಳೆಗಳೂ ಹುಟ್ಟಬಹುದು.

ಮಾರನೇ ದಿನವೇ ಆಪರೇಷನ್ ಆಯಿತು. ಹುಳದ ಮಾತ್ರೆ ಆಲ್ಬೆಂಡಜೋಲ್ ಇನ್ನೂ ನಡೆಯುತ್ತಿದೆ. ಇದು ಮರುಕಳಿಸುವುದು ಜಾಸ್ತಿ, ಹಾಗಾಗಿ ಎಂಆರ್‌ಐ ಮತ್ತೆ ಮತ್ತೆ ಆಗಲೇಬೇಕು. ಮೂರನೇ ತಿಂಗಳಿಗೆ ಅವರು ಕೋಲು ಹಿಡಿದು ನಡೆದೇ ಬಂದರು. ಐದು ತಿಂಗಳು ಮುಂಚೆಯೇ ಈ ಚಿತ್ರ ತೆಗೆದಿದ್ದರೆ ಕೋಲೂ ಬೇಕಿರಲಿಲ್ಲವೇನೋ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಅವತ್ತು ಹೆಂಡತಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಇಬ್ಬರ ಹೊಟ್ಟೆಯ ಸ್ಕ್ಯಾನಿಂಗನ್ನೂ ನಾನೇ ಮಾಡಿದೆ. ಎಲ್ಲೂ ಗುಳ್ಳೆ ಇರಲಿಲ್ಲ.