ನಿಮ್ಮ ಮಗಳಿಗೂ ಸ್ಕಾಲರ್‌ಶಿಪ್ ಸಿಕ್ತಂತೆ?

"ನಿಮ್ಮ ಮಗಳಿಗೂ ಮೆರಿಟ್ ಸ್ಕಾಲರ್‌ಶಿಪ್ ಸಿಕ್ತಂತೆ, ಹೌದಾ?" ಆ 'ಮಗಳಿಗೂ' ಎಂಬ ಮಾತಿನ ಕೊನೆಯ ದೀರ್ಘ ನನಗೆ ಚುಚ್ಚುತ್ತದೆ. ಅಮೆರಿಕದಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಸಾಕು, ಇದೇ ಪ್ರಶ್ನೆ. ಹೋದ ಯುಗಾದಿಗೆ ಹಿರಿಯರೊಬ್ಬರು ಮಗಳೆದುರಿಗೇ ಕೇಳಿದರು: "ಅಲ್ಲಮ್ಮಾ, ಇವಳ ಜಿಪಿಎ ನಾಲ್ಕಕ್ಕೆ 3.1 ಅಲ್ವಾ? ಅದು ಹೇಗೆ ಕೊಟ್ರು?" ಅವಳು ತಟ್ಟೆ ಅಲ್ಲೇ ಇಟ್ಟು ಎದ್ದುಹೋದಳು. ನಾನು ನಕ್ಕು ಸುಮ್ಮನಾದೆ. ಹಾಗೆ ನಕ್ಕಿದ್ದಕ್ಕೆ ಇವತ್ತಿಗೂ ಸಂಕಟವಾಗುತ್ತದೆ.

ಉತ್ತರ ಕೇಳಿ. ಯಾರೂ ಕನಿಕರಪಟ್ಟು ಕೊಟ್ಟಿದ್ದಲ್ಲ. ನೀವು ಕನಸು ಕಾಣುವ ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್‌ನ ಎಂಟೂ ಕಾಲೇಜುಗಳಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಅಲ್ಲಿ ನೆರವು ಕೊಡುವುದು ಮನೆಯ ಹಣಕಾಸು ನೋಡಿ. ಸಾಧಾರಣ ಅಂಕದವರಿಗೂ ಮೆರಿಟ್ ಹಣ ಕೊಡುವವರು ಸೀಟು ತುಂಬಿಸಿಕೊಳ್ಳಬೇಕಾದ, ಅಷ್ಟೇನೂ ಹೆಸರು ಕೇಳಿರದ ಕಾಲೇಜುಗಳವರು. ಒಂದು ಕಾಲೇಜಿನಲ್ಲಿ ಹಿಂದಿನ ಬೆಂಚಿನದು ಅನಿಸುವ ಅಂಕವೇ ಇನ್ನೊಂದು ಕಡೆ ಮುಂದಿನ ಸಾಲಿನದು. ಆ ಇನ್ನೊಂದು ಕಡೆ ಯಾವುದು ಎಂದು ಹುಡುಕುವುದೇ ಕೆಲಸ. ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಎಂದು ಹುಡುಕಿ; ಅದು ಕಾಲೇಜೇ ಪ್ರಕಟಿಸುವ ಅಂಕಿಅಂಶಗಳ ಪಟ್ಟಿ. ಅದರ ಸಿ9 ವಿಭಾಗದಲ್ಲಿ, ಸೇರಿದವರ ಎಸ್‌ಎಟಿ, ಎಸಿಟಿ ಪ್ರವೇಶ ಪರೀಕ್ಷೆಗಳ ಅಂಕಗಳಿರುತ್ತವೆ. ಎಚ್2ಎ ವಿಭಾಗ ನೋಡಿದರೆ, ಹಣದ ಅಗತ್ಯವಿಲ್ಲದ ಎಷ್ಟು ಮಂದಿಗೆ ಸರಾಸರಿ ಎಷ್ಟು ಡಾಲರ್ ಕೊಟ್ಟಿದ್ದಾರೆ ಎಂಬುದು ತಿಳಿಯುತ್ತದೆ. ಎಲ್ಲ ಕಾಲೇಜುಗಳೂ ಇದನ್ನು ಪ್ರಕಟಿಸುವುದಿಲ್ಲ. ಆದರೆ ಸರ್ಕಾರಿ ನೆರವಿನ ವ್ಯವಸ್ಥೆಯಲ್ಲಿರುವ ಕಾಲೇಜುಗಳು 2011ರಿಂದ ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್, ಅಂದರೆ ನೆರವು ಕಳೆದು ನಾವು ಕಟ್ಟಬೇಕಾದ ಅಂದಾಜು ಮೊತ್ತ ತೋರಿಸುವ ಲೆಕ್ಕಯಂತ್ರ, ಇಡಲೇಬೇಕು. ಅದು ಜಿಪಿಎ ಕೇಳಿದರೆ ಮೆರಿಟ್ ಹಣವನ್ನೂ ಲೆಕ್ಕಕ್ಕೆ ಹಿಡಿಯುವ ಸಾಧ್ಯತೆ ಹೆಚ್ಚು.

ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಬಾರದೇ? ಎಷ್ಟು ಸಿಕ್ತು ಅಂತಲ್ಲ, ಕೈಯಿಂದ ಕಟ್ಟುವುದು ಎಷ್ಟು ಉಳೀತು ಅಂತ. 55,000 ಡಾಲರ್ ಕಾಲೇಜಿನಲ್ಲಿ 20,000 ಬಿಟ್ಟರೂ ವರ್ಷಕ್ಕೆ 35,000 ಕಟ್ಟಬೇಕು. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಇಲ್ಲದೆಯೂ ಅದಕ್ಕಿಂತ ಅಗ್ಗವಾಗಬಹುದು. ಎರಡನೇ ವರ್ಷಕ್ಕೂ ಕೊಡ್ತಾರಾ, ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು ಅಂತ ಒಬ್ಬರೂ ಕೇಳಿಲ್ಲ. ನಮಗೆ ಹೆಚ್ಚು ಕೊಟ್ಟ ಕಾಲೇಜಿನ ಷರತ್ತು 3.3. ಮೊದಲ ಸೆಮಿಸ್ಟರಿನಿಂದಲೇ ಆ ಅಂಕದ ಭಯದಲ್ಲಿ ಮಗು ಓದುವುದು ಬೇಡವೆಂದು ಬಿಟ್ಟೆವು. ಕಡಿಮೆ ಕೊಟ್ಟರೂ 2.5ಕ್ಕೆ ಒಪ್ಪಿದ ಕಡೆ ಸೇರಿಸಿದೆವು.

ಹೇಗೆ ಕೊಟ್ರು ಅಂತ ಇನ್ನು ನನ್ನನ್ನು ಕೇಳಬೇಡಿ, ಅವಳನ್ನೇ ಕೇಳಿ. ರಾತ್ರಿ ಕೂತು ನಲವತ್ತು ಕಾಲೇಜುಗಳ ಎಚ್2ಎ ತೆಗೆದು ಪಟ್ಟಿ ಮಾಡಿದವಳು ಅವಳು.